ಹದಿನೆಂಟು ನಂಬರ್ ರಾಡು

ವೆಲ್ಡಿಂಗ್ ರಾಡುಗಳನ್ನು ತುಸು ದೂರ ನಿಂತು ನೋಡಿದರೆ ಎಲ್ಲವೂ ಒಂದೇ. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಕಬ್ಬಿಣದ ಕಡ್ಡಿ, ಮೈತುಂಬ ಬೂದು ಬಣ್ಣದ ಲೇಪ, ಹಿಡಿಯುವ ತುದಿಯಲ್ಲಿ ಮಾತ್ರ ಬರಿಮೈ. ಅದರ ಪಕ್ಕದಲ್ಲಿ ಇರುವೆ ಗಾತ್ರದ ಅಂಕಿಗಳು: 6013, ಇಲ್ಲವೇ 7018. ಅಣ್ಣನ ಅಂಗಡಿಯಲ್ಲಿ ಅಷ್ಟುದ್ದ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಬಾಲದ ಎರಡು ಅಂಕಿ ಸಾಕು. ಹದಿಮೂರು ನಂಬರ್, ಹದಿನೆಂಟು ನಂಬರ್. ಗೇಟು, ಕಿಟಕಿಯ ಗ್ರಿಲ್ಲು, ದನದ ಕೊಟ್ಟಿಗೆಯ ಕಂಬಿಗೆ ಹದಿಮೂರು. ಭಾರ ಎಳೆಯುವ ಜಾಗಕ್ಕೆ, ಮುರಿದರೆ ಜನ ಸಾಯುವ ಜಾಗಕ್ಕೆ ಹದಿನೆಂಟು.

ಅಂಗಡಿ ಇರುವುದು ಮಾಂಬಳ್ಳಿಯಲ್ಲಿ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮೂರು ಕಡೆ ತಗಡು, ಒಂದು ಕಡೆ ಬಯಲು. ಅಣ್ಣನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ದೃಷ್ಟಿ ಪೂರ್ತಿ ಮರಳಲಿಲ್ಲ. ಇನ್ನು ವೆಲ್ಡಿಂಗ್ ಬೆಳಕು ನೋಡಲೇಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ನಾನು ಅವನ ತಂಗಿ, ಕೊಳ್ಳೇಗಾಲದಲ್ಲಿ ರವಿಕೆ ಹೊಲಿಯುವವಳು. ಪಕ್ಕದ ಮನೆಯ ಮಗ್ಗದಿಂದ ಇಳಿದ ರೇಷ್ಮೆ ಸೀರೆಗಳಿಗೆಲ್ಲ ಒಂದು ಕಾಲದಲ್ಲಿ ರವಿಕೆ ನನ್ನದೇ. ಸಿದ್ಧ ರವಿಕೆಗಳು ಬಂದು ಕೂತ ಮೇಲೆ ನನ್ನ ಮಿಷನ್ನಿಗೆ ಮಧ್ಯಾಹ್ನದ ಹೊತ್ತು ಕೆಲಸ ಇಲ್ಲದಾಯಿತು. ಅಂಗಡಿ ಮುಚ್ಚಬೇಡ, ನಾನು ಕಲಿಯುತ್ತೇನೆ ಎಂದೆ. ಅಣ್ಣ ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ.

ಅಂಗಡಿಯನ್ನು ಬಾಡಿಗೆಗೆ ಕೇಳುತ್ತಿದ್ದವನೊಬ್ಬನಿದ್ದ. ಪಂಕ್ಚರ್ ಅಂಗಡಿ ಇಡಬೇಕೆಂದು ಅವನ ಆಸೆ. ಆಗಾಗ ಬಂದು ಜಗಲಿಯ ಮೇಲೆ ಕೂರುತ್ತಿದ್ದ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಅವನಿಗೆ ದೊಡ್ಡ ಲೋಟದಲ್ಲಿ ಕಾಫಿ ಕೊಡುತ್ತಿದ್ದಳು. ನನಗೆ ಕೊಡುತ್ತಿದ್ದದ್ದು ಸಣ್ಣ ಲೋಟದಲ್ಲಿ. ಇದನ್ನು ನಾನು ಮೊದಲ ದಿನವೇ ಗಮನಿಸಿದ್ದೆ, ಮರೆತಿರಲಿಲ್ಲ.

ಅಣ್ಣ ಗಡುವು ಕೊಟ್ಟಿದ್ದ. ನಮ್ಮ ಕಡೆ ಕಬ್ಬಿನ ಕಟಾವು ಶುರುವಾದರೆ ಹೊನ್ನೂರು, ಮಾಂಬಳ್ಳಿಯ ಟ್ರೈಲರುಗಳೆಲ್ಲ ಒಂದರ ಹಿಂದೆ ಒಂದು ರಿಪೇರಿಗೆ ಬರುತ್ತವೆ. ಟ್ರೈಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಕ್ಕೆ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಸವೆದಿರುತ್ತದೆ. ಅಂಗಡಿ ನಡೆಯುವುದೇ ಆ ಕೊಕ್ಕೆಗಳಿಂದ. ಅಷ್ಟರೊಳಗೆ ನಾನು ಕೊಕ್ಕೆ ಬೆಸೆಯುವಷ್ಟು ಕಲಿತರೆ ಅಂಗಡಿ ನನಗೆ, ಇಲ್ಲದಿದ್ದರೆ ಪಂಕ್ಚರಿನವನಿಗೆ.

"ಗೇಟ್ ಬಿದ್ರೆ ಬೈತಾರೆ ಕಣಮ್ಮಿ. ಕೊಕ್ಕೆ ಬಿದ್ರೆ ಹೊತ್ಕಂಡೋಯ್ತಾರೆ" ಎಂದ.

ಅಭ್ಯಾಸವನ್ನು ಯಾವ ರಾಡಿನಲ್ಲಿ ಶುರು ಮಾಡಬೇಕು ಎಂಬಲ್ಲೇ ನಮ್ಮ ಮೊದಲ ಜಗಳವಾಯಿತು. ಹದಿನೆಂಟರಲ್ಲೇ ಶುರು ಮಾಡು ಎಂದು ಅಣ್ಣ. ಹದಿಮೂರರಲ್ಲಿ ಎಂದು ನಾನು. ಹದಿಮೂರು ಒಳ್ಳೆಯ ಸ್ವಭಾವದ ರಾಡು. ಕಬ್ಬಿಣಕ್ಕೆ ತಾಗಿಸಿದ ಕೂಡಲೇ ಹತ್ತಿಕೊಳ್ಳುತ್ತದೆ, ಕೈ ನಡುಗಿದರೂ ಕ್ಷಮಿಸುತ್ತದೆ, ಆರಿದ ಮೇಲೆ ಮೇಲಿನ ಕಿಟ್ಟ ತಾನಾಗಿ ಕಳಚಿ ಬೀಳುತ್ತದೆ. ಕೆಳಗೆ ನೋಡಿದರೆ ಅಂಕುಡೊಂಕಿಲ್ಲದ ಹೊಳೆಯುವ ಗೆರೆ. ಹತ್ತು ಜನಕ್ಕೆ ತೋರಿಸಬಹುದು. ಅಲ್ಲದೆ ಗೇಟಿನ ಕೆಲಸ ಬರುತ್ತಲೇ ಇತ್ತು, ಕಲಿಯುತ್ತ ಕಲಿಯುತ್ತ ಅದನ್ನೂ ಮಾಡಿ ಕೊಡಬಹುದಿತ್ತು.

"ಅದ್ರಲ್ಲಿ ಕೈ ಪಳಗುಸ್ಕಂಡೋರು ಇದ್ರಲ್ಲಿ ಅಳ್ತಾರೆ" ಎಂದು ಅಣ್ಣ ಎಚ್ಚರಿಸಿದ. ನನಗೆ ಯಾರಾದರೂ ಬೇಡ ಎಂದದ್ದೇ ಬೇಕು. ಮಳೆಗಾಲವಿಡೀ ಹದಿಮೂರರಲ್ಲೇ ಹಾಕಿದೆ. ಕೌದಳ್ಳಿಯ ದಿನಸಿ ಅಂಗಡಿಯೊಂದಕ್ಕೆ ಬಾಗಿಲ ಗ್ರಿಲ್ಲು ಮಾಡಿದೆ. ಅದನ್ನು ಕೂರಿಸಲು ಹೋದವಳು ಬರುತ್ತಾ ಹನೂರಿನಲ್ಲಿ ಬಸ್ಸು ಬದಲಿಸುವಾಗ, ಅಲ್ಲಿ ಕಂಡ ಗೇಟುಗಳನ್ನೆಲ್ಲ ನಿಂತು ನೋಡಿದೆ. ಇದು ಯಾವನು ಹಾಕಿದ ವೆಲ್ಡಿಂಗು, ಕೋಳಿ ಪಿಕ್ಕೆ ಉದುರಿಸಿದ ಹಾಗಿದೆ ಎಂದುಕೊಂಡೆ. ಅಷ್ಟು ಕೊಬ್ಬು ಬಂದಿತ್ತು.

ಮಳೆ ನಿಂತ ಮೇಲೆ ಹದಿನೆಂಟನ್ನು ಕೈಗೆ ತೆಗೆದುಕೊಂಡೆ. ಅಣ್ಣ ಹೇಳಿದ ಹಾಗೇ ಆಯಿತು, ಅಳು ಒಂದು ಬರಲಿಲ್ಲ. ತಾಗಿಸಿದರೆ ಕಬ್ಬಿಣಕ್ಕೆ ಗಪ್ಪನೆ ಕಚ್ಚಿಕೊಳ್ಳುತ್ತಿತ್ತು. ಎಳೆದರೆ ಲೇಪ ಸಮೇತ ಕಿತ್ತು ಬರುತ್ತಿತ್ತು. ಹದಿಮೂರನ್ನು ಕೊಂಚ ಮೇಲೆತ್ತಿ ಹಿಡಿದರೂ ನಡೆದೀತು. ಹದಿನೆಂಟರ ತುದಿ ಕರಗಿದ ಕಬ್ಬಿಣಕ್ಕೆ ಮುತ್ತಿಡುವಷ್ಟು ಹತ್ತಿರ ಇರಬೇಕು. ಒಮ್ಮೆ ನಿಲ್ಲಿಸಿದರೆ ತುದಿಗೆ ಗಾಜಿನಂಥ ಮುಚ್ಚಳ ಕೂರುತ್ತದೆ, ಅದನ್ನು ಕುಟ್ಟಿ ತೆಗೆಯದೆ ಮತ್ತೆ ಹತ್ತುವುದಿಲ್ಲ. ಹದಿಮೂರು ನನಗೆ ಕಲಿಸಿದ್ದನ್ನೆಲ್ಲ ಇದು ಒಂದೊಂದಾಗಿ ಮರೆಸಬೇಕಾಯಿತು.

ಅಣ್ಣ ಬೆಳಕಿಗೆ ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ. ನೋಡುವಂತಿಲ್ಲವಲ್ಲ, ಸದ್ದು ಕೇಳುತ್ತಿದ್ದ.

"ಚಟಪಟ ಅಂತಾ ಅದೆ. ಇನ್ನೂ ಅತ್ರ ಇಡ್ಕ. ನಿಮ್ಮತ್ಗೆ ಉಳ ಸೊಪ್ಪು ತಿನ್ನೋ ಸದ್ದು ಕೇಳಿದ್ದೀಯಲ್ಲ, ಅಂಗ್ ಬರ್ಬೇಕು."

ನಾನು ಆ ಸದ್ದು ಕೇಳಿರಲಿಲ್ಲ. ಅತ್ತಿಗೆ ರೇಷ್ಮೆ ಹುಳ ಸಾಕುತ್ತಾಳೆ. ಮನೆಯ ಹಿಂದೆ ಅದಕ್ಕೇ ಒಂದು ಉದ್ದನೆಯ ಹುಳದ ಮನೆ ಇದೆ. ಬಾಗಿಲಲ್ಲಿ ಸುಣ್ಣದ ಪುಡಿ, ಪಕ್ಕದಲ್ಲಿ ಕಾಲು ತೊಳೆಯಲು ನೀರು. ಹುಳ ಇರುವಷ್ಟು ದಿನ ಅವಳ ಹೊರತು ಯಾರೂ ಒಳಗೆ ಹೋಗುವಂತಿಲ್ಲ. ಒಗ್ಗರಣೆ ಘಾಟು ಆಗದು, ಊದುಬತ್ತಿ ಆಗದು, ಹೊರಗಿನವರ ಕಣ್ಣೂ ಆಗದು. ನಾನು ಒಮ್ಮೆ ಬಾಗಿಲ ತನಕ ಹೋದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಲ್ಲೇ ನಿಂತ್ಕ ಕಣವ್ವ, ನಿನ್ ಮೈಯೆಲ್ಲ ಸುಟ್ಟ ವಾಸ್ನೆ, ಉಳಕ್ಕಾಗಾಕಿಲ್ಲ" ಎಂದಿದ್ದಳು. ನಾನು ಇದನ್ನೂ ಸಣ್ಣ ಲೋಟದ ಲೆಕ್ಕಕ್ಕೇ ಸೇರಿಸಿದೆ.

ಕೊನೆಗೆ ಹದಿನೆಂಟು ನನ್ನ ಕೈಗೆ ಒಗ್ಗಿತು. ಆಗ ಅಣ್ಣ ಪರೀಕ್ಷೆ ಶುರು ಮಾಡಿದ. ಎರಡು ದಪ್ಪ ಪಟ್ಟಿಗಳನ್ನು ಬೆಸೆಯಬೇಕು. ಅದನ್ನು ಅವನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ಮಡಚುತ್ತಾನೆ. ಬೆಸುಗೆ ಬಾಯಿ ಬಿಡದೆ ಮಡಚಿಕೊಂಡರೆ ಪಾಸು. ಹೊಸ ಪ್ಯಾಕೆಟ್ ಒಡೆದ ದಿನ ಅಭ್ಯಾಸಕ್ಕೆ ಹಾಕಿದ ಪಟ್ಟಿ ಚೆನ್ನಾಗಿಯೇ ಮಡಚಿಕೊಂಡಿತು. "ನಾಡಿದ್ದು ಇದೇ ಥರ ಆಕು, ನೋಡವ" ಎಂದ. ಮೂರನೆಯ ದಿನ ಹಾಕಿದ್ದು ಎರಡೇ ಏಟಿಗೆ ಬಾಯಿ ಬಿಟ್ಟಿತು. ಒಳಗೆಲ್ಲ ಸಣ್ಣ ಸಣ್ಣ ತೂತು.

ಅಣ್ಣ ಬೆರಳಾಡಿಸಿ ನೋಡಿದ. "ಶೀತ ಬಡ್ದದೆ. ಈ ರಾಡ್ ಪ್ಯಾಕೆಟ್ ಒಡುದ್ಮೇಲೆ ಬೆಚ್ಚಗಿರ್ಬೇಕು ಅಂದಿದ್ನಲ್ಲ. ಎಲ್ಲಿ ಇಡ್ತಾ ಇದ್ದೀಯೆ?"

ಅವನು ಹಾಗೆ ಹೇಳಿದ್ದು ನಿಜ. ಊಟದ ಹೊತ್ತಿನಲ್ಲಿ, ಅತ್ತಿಗೆ ಮುದ್ದೆ ಬಡಿಸುತ್ತಿದ್ದಾಗ ಹೇಳಿದ್ದ. ಅಂಗಡಿಯಲ್ಲಿ ಇಬ್ಬನಿ ಬೀಳುತ್ತದೆಂದು ನಾನು ದಿನವೂ ಪ್ಯಾಕೆಟ್ಟನ್ನು ಮನೆಗೆ ಒಯ್ದು, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದೆ. ಮಾರನೆಯ ದಿನ ಬಂದಾಗ ಇಟ್ಟ ಜಾಗದಲ್ಲೇ ಇರುತ್ತಿತ್ತು. ಒಲೆಯ ಮೇಲಿನ ಅಟ್ಟಕ್ಕಿಂತ ಬೆಚ್ಚಗಿನ ಜಾಗ ಮನೆಯಲ್ಲಿ ಯಾವುದಿದೆ? ಅವ್ವ ಮೆಣಸಿನಕಾಯಿ, ಬಿತ್ತನೆ ಬೀಜ ಎಲ್ಲ ಇಡುತ್ತಿದ್ದದ್ದು ಅಲ್ಲೇ. ಆದ್ದರಿಂದ ತಪ್ಪು ಜಾಗದ್ದಲ್ಲ, ರಾಡಿನ ಕಂಪನಿಯದು ಎಂದು ತೀರ್ಮಾನಿಸಿದೆ.

ಕೊಳ್ಳೇಗಾಲದ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ ಹದಿನೆಂಟು ನಂಬರುಗಳನ್ನು ಗಲ್ಲಾ ಮೇಜಿನ ಮೇಲೆ ಸಾಲಾಗಿ ಇಡಿಸಿದೆ. ಲೇಪದ ಬಣ್ಣ ಒಂದರಲ್ಲಿ ತುಸು ಕಪ್ಪು, ಒಂದರಲ್ಲಿ ತುಸು ಬಿಳಿ. ಅಷ್ಟೇ ವ್ಯತ್ಯಾಸ. ಅಂಗಡಿಯವನು, "ಎಲ್ಲಾ ಒಂದೇ ಕಣಕ್ಕ, ಯಾವ್ದಾದ್ರೂ ತಕಂಡೋಗು" ಎಂದ. ಎಲ್ಲಾ ಒಂದೇ ಆದರೆ ನೀನೇಕೆ ಇಷ್ಟೊಂದು ಥರ ಇಟ್ಟಿದ್ದೀಯ ಎಂದು ನಾನು ಜಗಳ ತೆಗೆದೆ. ಸೀರೆಗೆ ಹೊಂದುವ ದಾರ ಆರಿಸುವವಳ ಹಾಗೆ ರಾಡುಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿಳಿ ಲೇಪದ್ದನ್ನು ತಂದೆ.

ಪ್ಯಾಕೆಟ್ ಒಡೆದ ದಿನ ಅದು ಬೆಣ್ಣೆಯ ಹಾಗೆ ಓಡಿತು. ನಾನು ಅಣ್ಣನಿಗೆ, ನೋಡಿದೆಯಾ, ಕಂಪನಿ ಎಂದೆ. ಎರಡು ದಿನ ಬಿಟ್ಟು ಪರೀಕ್ಷೆಗೆ ಹಾಕಿದರೆ ಮತ್ತೆ ತೂತು, ಮತ್ತೆ ಬಾಯಿ. ಕಪ್ಪು ಲೇಪದ್ದನ್ನು ತಂದೆ. ಅದೂ ಹಾಗೆಯೇ. ಮೊದಲ ದಿನ ಹೊಗಳಿಕೆ, ಮೂರನೆಯ ದಿನ ಬೈಗುಳ. ಒಂದೊಂದು ಕಂಪನಿಗೂ ಒಂದೊಂದು ಗುಣ, ಒಂದೊಂದು ದೋಷ ಹುಡುಕಿ ಬಾಯಿಪಾಠ ಮಾಡಿಕೊಂಡಿದ್ದೆ. ಈಗ ಯೋಚಿಸಿದರೆ ಅಷ್ಟೂ ನನ್ನ ಕಟ್ಟುಕತೆ.

ಆ ಹೊತ್ತಿಗೆ ಹೊನ್ನೂರಿನ ಕಡೆ ಮೊದಲ ಗದ್ದೆಗೆ ಕಟಾವಿನವರು ಇಳಿದಿದ್ದರು. ಪಂಕ್ಚರಿನವನು ಬಂದು ಅಂಗಡಿಯ ತಗಡನ್ನು ಕೈಯಲ್ಲಿ ಬಡಿದು ನೋಡಿ ಹೋದ. ಅಣ್ಣ ಬಾಯಿ ಬಿಟ್ಟ ಪಟ್ಟಿಯನ್ನು ಮೂಲೆಗೆಸೆದು, "ಬುಡು ಕಣಮ್ಮಿ. ಎಲ್ರಿಗೂ ಎಲ್ಲಾ ಬರಾಕಿಲ್ಲ. ಗೇಟ್ ಚೆನ್ನಾಗಾಕ್ತೀಯೆ, ಅಷ್ಟ್ ಸಾಕು" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಸಮಾಧಾನ ಮಾಡಿದ. ಬಸ್ಸಿನಲ್ಲಿ ಕೂತು ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನನ್ನ ಕೈಗೇ ಏನೋ ಆಗಿದೆ, ವಯಸ್ಸಾಯಿತು ಎನಿಸಿತು.

ಮಾರನೆಯ ದಿನ ಹೋದದ್ದು ಸಾಮಾನು ಎತ್ತಿಡಲು. ಮಿಕ್ಕಿದ ರಾಡುಗಳನ್ನು ಹಾರ್ಡ್‌ವೇರ್ ಅಂಗಡಿಯವನಿಗೇ ವಾಪಸ್ ಕೊಡೋಣವೆಂದು ಅಟ್ಟದಿಂದ ಪ್ಯಾಕೆಟ್ ಇಳಿಸಿ ಮೇಜಿನ ಮೇಲೆ ಬಗ್ಗಿಸಿದೆ. ರಾಡುಗಳ ಜೊತೆ ಒಂದು ರೇಷ್ಮೆ ಹುಳ ಬಿತ್ತು. ಬೆರಳಿನ ಗೆಣ್ಣಿನಷ್ಟು ಉದ್ದದ್ದು, ಜೀವಂತ. ತಲೆ ಎತ್ತಿ ಅತ್ತಿತ್ತ ಆಡಿಸಿತು, ಸೊಪ್ಪೆಲ್ಲಿ ಎಂದು ಕೇಳುವ ಹಾಗೆ.

ಅಡುಗೆಮನೆಯ ಅಟ್ಟಕ್ಕೆ ರೇಷ್ಮೆ ಹುಳ ಹತ್ತಿ ಬರುವುದಿಲ್ಲ. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಯ ಹಿಂದಕ್ಕೆ ನಡೆದೆ. ದಾರಿಯಲ್ಲೇ ಎಲ್ಲ ಹೊಂದಿಸಿಕೊಂಡಿದ್ದೆ: ದೊಡ್ಡ ಲೋಟ, ಸಣ್ಣ ಲೋಟ, ಪಂಕ್ಚರಿನವನು, ಬಾಡಿಗೆ. ರಾಡು ಕೆಡಿಸಿದವಳು ಇವಳೇ.

ಹುಳದ ಮನೆಯ ಬಾಗಿಲು ತೆರೆದಿತ್ತು. ಅಂದು ನನ್ನ ಮೈಯಲ್ಲಿ ಸುಟ್ಟ ವಾಸನೆ ಇರಲಿಲ್ಲವೆಂದೋ ಏನೋ ಅತ್ತಿಗೆ ತಡೆಯಲಿಲ್ಲ. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಕಾಲ್ ತೊಳ್ಕಂಡ್ ಬಾ."

ಕೋಪ ಎಷ್ಟೇ ಇರಲಿ, ಅಲ್ಲಿ ಕಾಲು ತೊಳೆಯದೆ ಯಾರೂ ಹೋಗರು. ತೊಳೆದೆ. ಸುಣ್ಣ ತುಳಿದೆ. ಒಳಗೆ ಹೋದ ಕೂಡಲೇ ಮೊದಲು ಕೇಳಿಸಿದ್ದು ಆ ಸದ್ದು. ಅಟ್ಟಣೆಗಳ ತುಂಬ ದೊಡ್ಡ ಹುಳಗಳು ಸೊಪ್ಪು ತಿನ್ನುತ್ತಿದ್ದವು. ಒಂದೇ ಸಮನೆ, ಎಲ್ಲೂ ಕಡಿಯದೆ, ಸಣ್ಣಗೆ ಸರಸರ. ನನ್ನ ಕೈಯಲ್ಲಿ ಹದಿನೆಂಟು ಸರಿಯಾಗಿ ಓಡಿದ ದಿನಗಳಲ್ಲಿ ಕೇಳಿದ್ದು ಇದೇ ಸದ್ದು. ಅಂದರೆ ಕೈ ಸರಿಯಿತ್ತು. ಅದು ತಿಳಿದು ನನ್ನ ಕೋಪ ಇನ್ನೂ ಏರಿತು.

"ನನ್ನ ರಾಡ್ನ ಇಲ್ಲಿಗ್ ತಂದಿದ್ದೇನತ್ಗೆ?"

"ಊಂ. ದಿನಾ ತತ್ತೀನಿ" ಎಂದಳು, ಹಾಲು ತರುತ್ತೇನೆ ಎನ್ನುವ ಹಾಗೆ. "ನೀನ್ ಬಸ್ಸತ್ತಿದ್ಮೇಲೆ ತತ್ತೀನಿ, ಬೆಳುಗ್ಗೆ ತಕಂಡೋಗಿ ಅಲ್ಲೇ ಇಡ್ತೀನಿ. ಬೆಚ್ಚಗಿರ್ಬೇಕು ಅಂದ್ರಲ್ಲ ನಿಮ್ಮಣ್ಣ. ನೀನೋಗಿ ಅಟ್ಟದ್ಮೇಲೆ ಇಟ್ಟಿದ್ದೀಯೆ. ಸೌದೆ ಒಲೆ ಎಲ್ಲದೆ ಈಗ? ಗ್ಯಾಸ್ ಬಂದು ಎಷ್ಟ್ ಕಾಲಾಯ್ತು. ಅದು ಮನೇಲೇ ತಣ್ಣಗಿರೋ ಜಾಗ."

ನಾನು ಆ ಅಡುಗೆಮನೆಯಲ್ಲಿ ಅಷ್ಟು ದಿನ ಉಂಡಿದ್ದೆ. ಗ್ಯಾಸಿನ ಒಲೆ ಇನ್ನೊಂದು ಗೋಡೆಯ ಕಡೆಗಿದೆ ಎಂಬುದು ಕಣ್ಣಿಗೆ ಬಿದ್ದಿರಲೇ ಇಲ್ಲ.

ಅವಳು ಜಾಗ ತೋರಿಸಿದಳು. ಗಾಳಿ ತಾಗದ ನಡುವಿನ ಅಟ್ಟಣೆ, ಕೆಳಗೆ ಬಾಣಲೆಯಲ್ಲಿ ಇದ್ದಿಲ ಕೆಂಡ, ಅಣ್ಣನ ಹಳೆಯ ಶಾಲನ್ನು ಮಡಚಿ ಮಾಡಿದ ಹಾಸಿಗೆ. ಚಳಿಗಾಲದಲ್ಲಿ ಎಳೆಯ ಹುಳಕ್ಕೆ ಮೀಸಲಿಡುವ ಜಾಗ ಅದು. ಅದರ ಪಕ್ಕದಲ್ಲೇ ಒಂದು ಗೋಣಿತಾಟು ನೀರು ತೊಟ್ಟಿಕ್ಕುತ್ತ ತೂಗುತ್ತಿತ್ತು. ಕೆಂಡದ ಕಾವಿಗೆ ಗಾಳಿ ಒಣಗಬಾರದು, ಒಣಗಿದರೆ ಸೊಪ್ಪು ಬಾಡುತ್ತದೆ, ಹುಳ ಸೊರಗುತ್ತದೆ ಎಂದು ಹುಳದ ಮನೆಯಲ್ಲಿ ಎಲ್ಲರೂ ಹಾಗೆ ನೆನೆಸಿ ನೇತು ಹಾಕುತ್ತಾರೆ. ಬೆಚ್ಚಗೂ ಇತ್ತು, ತೇವವೂ ಇತ್ತು. ಹುಳಕ್ಕೆ ಅದು ಅಮೃತ. ಹದಿನೆಂಟು ನಂಬರಿಗೆ ಅದಕ್ಕಿಂತ ಕೆಟ್ಟ ಜಾಗ ಮಾಂಬಳ್ಳಿಯಲ್ಲೇ ಇರಲಿಲ್ಲ. ಆ ಲೇಪ ತೇವ ಹೀರಿಕೊಳ್ಳುತ್ತದೆ. ಬೆಸೆಯುವಾಗ ಅದೇ ತೇವ ಕಬ್ಬಿಣದೊಳಗೆ ಸೇರಿ ತೂತಾಗುತ್ತದೆ.

ನಾನು ಅದನ್ನು ಹೇಳಿದೆ. ಅತ್ತಿಗೆ ಗೋಣಿತಾಟು ನೋಡಿದಳು, ಶಾಲು ನೋಡಿದಳು.

"ನಂಗೇನ್ ಗೊತ್ತವ್ವ. ನಾನ್ ಉಳ ಮಾಡ್ದಂಗೆ ಮಾಡ್ದಿ."

"ನಂಗ್ಯಾಕ್ ಏಳ್ನಿಲ್ಲ?"

"ಏಳಿದ್ರೆ ನೀನ್ ಬುಟ್ಟೀಯಾ? ನಾನ್ ಬೇಡ ಅಂದಿದ್ದ್ನೇ ಮಾಡೋಳು."

ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಅಂಗಡಿ ಪಂಕ್ಚರಿನವನಿಗೆ ಹೋದರೆ ನಿನಗೆ ಒಳ್ಳೆಯದಲ್ಲವಾ, ಬಾಡಿಗೆ ಬರುತ್ತದೆ ಎಂದೆ. ಅತ್ತಿಗೆ ಸೊಪ್ಪು ಹರಡುತ್ತಿದ್ದ ಕೈ ನಿಲ್ಲಿಸಿದಳು.

"ಬಾಡ್ಗೆ ಯಾರಿಗ್ಬೇಕು? ಅಂಗ್ಡಿ ಓದ್ರೆ ನಿಮ್ಮಣ್ಣ ದಿನವೆಲ್ಲಾ ಮನೇಲೇ ಕೂತ್ಕತಾರೆ. ಸುಮ್ನೆ ಕೂತ್ಕಳೋ ಜೀವ್ವಾ ಅದು? ಇಲ್ಲಿಗ್ ಬಂದು ಅಟ್ಟಣೆ ಇಂಗಿಡು, ಸೊಪ್ ಅಂಗಾಕು ಅಂತಾರೆ. ನನ್ ಉಳ ಸಾಯ್ತವೆ. ನೀನ್ ಗೆದ್ಕಂಡ್ರೆ ಸಾಕು ಅಂತ ನಾನ್ ದೇವ್ರಿಗೆ ಕಾಯ್ ಕಟ್ಟಿವ್ನಿ."

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ, ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ. ನನ್ನ ಅಂಗೈಯಲ್ಲಿದ್ದ ಹುಳವನ್ನು ಎತ್ತಿ ಸೊಪ್ಪಿನ ಮೇಲೆ ಬಿಟ್ಟಳು.

ಪಂಕ್ಚರಿನವನಿಗೆ ದೊಡ್ಡ ಲೋಟ ಯಾಕೆ ಎಂದೂ ಕೇಳಿದೆ. "ಅವ್ನು ಇನ್ನೊಂದ್ ಲೋಟ ಕೇಳ್ತಾನೆ. ಎಲ್ಡ್ ಸತಿ ಯಾರ್ ಎದ್ದಾರು?" ಎಂದಳು.

ಪರಿಹಾರವೂ ಅವಳದೇ. ಹುಳದ ಮೊಟ್ಟೆಗೆ ಕಾವು ಕೊಡಲೆಂದು ಅವಳ ಬಳಿ ಒಂದು ಹಳೆಯ ಮರದ ಪೆಟ್ಟಿಗೆಯಿತ್ತು. ಒಳಗೆ ಬಲ್ಬು, ಬಲ್ಬಿನ ಪಕ್ಕ ನೀರಿನ ತಟ್ಟೆ. ತಟ್ಟೆಯನ್ನು ಆಚೆ ತೆಗೆದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟಳು. ಕೊಳ್ಳೇಗಾಲಕ್ಕೆ ಹೋಗಿ ಹೊಸ ಪ್ಯಾಕೆಟ್ ತಂದೆ. ಈ ಸಲ ಯಾವ ಕಂಪನಿ ಎಂದು ನೋಡಲಿಲ್ಲ. ಅಂಗಡಿಯವನಿಗೆ ಆಶ್ಚರ್ಯವಾಯಿತು.

ಬಲ್ಬಿನ ಪೆಟ್ಟಿಗೆಯಲ್ಲಿ ಎರಡು ದಿನ ಇದ್ದ ರಾಡುಗಳಲ್ಲಿ ಪಟ್ಟಿ ಹಾಕಿದೆ. ಅಣ್ಣ ಬೆನ್ನು ಹಾಕಿ ಕೂತಿದ್ದ. ಸದ್ದಿನಲ್ಲಿ ತಿದ್ದುವುದು ಅವನಿಗೆ ಏನೂ ಸಿಗಲಿಲ್ಲ. ಆರಿದ ಮೇಲೆ ವೈಸಿಗೆ ಕಚ್ಚಿಸಿ ಬಡಿದ. ಪಟ್ಟಿ ಬಾಗಿತು, ಇನ್ನೂ ಬಾಗಿತು, ಕೊನೆಗೆ ಮಡಚಿದ ಚಪಾತಿಯ ಹಾಗೆ ಕೂತಿತು. ಅಣ್ಣ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ, ತಿರುಗಿಸಿ ಮತ್ತೊಮ್ಮೆ ಆಡಿಸಿದ. ಆಮೇಲೆ ಅಂಗಡಿಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ಊಟಕ್ಕೆ ಹೋದ.

ಮೊದಲ ಕೊಕ್ಕೆ ಅಣ್ಣನ ಪಕ್ಕದ ಮನೆಯವರ ಟ್ರೈಲರಿನದು. ಹಳೆಯ ಬಿರುಕನ್ನು ಉಜ್ಜಿ ತೆಗೆದು, ಒಳಗಿನಿಂದ ತುಂಬಿಕೊಂಡು ಬಂದು, ಪದರದ ಮೇಲೆ ಪದರ ಹಾಕಿದೆ. ಅದರ ಯಜಮಾನ ಅಣ್ಣನನ್ನು, "ನೀವೇ ಆಕಿದ್ದಾ?" ಎಂದು ಕೇಳಿದ. "ಅಲ್ಲ, ಇವ್ಳು" ಎಂದ ಅಣ್ಣ. ಅವನು ಕೊಕ್ಕೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. ಕಬ್ಬು ತುಂಬುವ ಮೊದಲು ಒಂದು ಸಣ್ಣ ಹೊರೆ ಎಳೆದು ನೋಡುತ್ತೇನೆ ಎಂದ. ಅತ್ತಿಗೆಯ ಹಿಪ್ಪುನೇರಳೆ ಸೊಪ್ಪು ಅಂದು ಕಟಾವಾಗಿ ತೋಟದಲ್ಲಿ ಬಿದ್ದಿತ್ತು. ಅದನ್ನೇ ತುಂಬಿಸಿದರು.

ತೋಟದಿಂದ ಮನೆಗೆ ಬರಲು ಕಾಲುವೆಯ ಏರಿ ಹತ್ತಬೇಕು. ಟ್ರೈಲರ್ ತುಂಬಿದ ಮೇಲೆ ಅತ್ತಿಗೆ ಸೀರೆ ಎತ್ತಿ ಕಟ್ಟಿ, ಚಕ್ರದ ಮೇಲೆ ಕಾಲಿಟ್ಟು ಹೊರೆಯ ಮೇಲೇರಿ ಕೂತಳು. ನಾನು ಕೆಳಗೆ, ಕೊಕ್ಕೆಯ ಪಕ್ಕಕ್ಕೇ ನಡೆದುಕೊಂಡು ಬರುತ್ತಿದ್ದೆ. ಕಣ್ಣು ಅಲ್ಲೇ ನೆಟ್ಟಿತ್ತು. ಭಯವಿತ್ತು, ಅದನ್ನು ಮುಚ್ಚಿಡುವುದೇಕೆ.

"ಯಾಕ್ ನಡ್ಕಂಡ್ ಬತ್ತಾ ಇದ್ದೀಯೆ?" ಎಂದು ಮೇಲಿಂದ ಕೂಗಿದಳು.

"ಸುಮ್ನೆ."

"ಏನೂ ಗೊತ್ತಿಲ್ದೋಳು ನಾನ್ ಮೇಲ್ ಕೂತಿವ್ನಿ. ಆಕಿದೋಳು ನೀನು ಕೆಳಗ್ ನಡ್ಕಂಡ್ ಬತ್ತಿದ್ದೀಯೆ. ಊರೋರು ನೋಡಿದ್ರೆ ನಿನ್ ಅಂಗ್ಡಿಗೆ ಯಾರವ್ವ ಗಾಡಿ ತತ್ತಾರೆ? ಅತ್ತು ಬಾ."

ಟ್ರ್ಯಾಕ್ಟರ್ ನಿಲ್ಲಿಸಿದರು. ನಾನು ಹತ್ತಿದೆ. ಸೊಪ್ಪು ತಣ್ಣಗಿತ್ತು. ಏರಿಯ ಬುಡದಲ್ಲಿ ಟ್ರ್ಯಾಕ್ಟರ್ ಮೂತಿ ಎತ್ತಿದಾಗ ಕೊಕ್ಕೆ ಕಟಕ್ಕೆಂದು ಬಿಗಿದುಕೊಂಡು ಹೊರೆಯನ್ನು ಎಳೆಯತೊಡಗಿತು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. ಅವಳು ಸೊಪ್ಪು ಜಾರದಂತೆ ಇನ್ನೊಂದು ಕೈಯಲ್ಲಿ ಹೊರೆಯನ್ನು ಒತ್ತಿಕೊಂಡು ಕೂತಿದ್ದಳು.